ಕೆಳಗಿನವರ ನೀರು

ಎರಡು ವರ್ಷಗಳ ಹಿಂದೆ ರಾಜಾಜಿನಗರದ ನಮ್ಮ ಮನೆಯ ಒಳಚರಂಡಿ ಕಟ್ಟಿಕೊಂಡಿತು. ಬಂದ ಮೇಸ್ತ್ರಿ, "ರಸ್ತೆ ಅಗೆಸೋದಾದ್ರೆ ತಿಂಗಳಾಗುತ್ತೆ ಸ್ವಾಮಿ; ಹಿಂದಿನ ಮೋರಿಗೆ ಪೈಪು ತಿರುಗಿಸಿದರೆ ಒಂದೇ ದಿನದ ಕೆಲಸ" ಎಂದ. ಅದು ಮಳೆಯ ನೀರಿಗಾಗಿ ಕಟ್ಟಿದ ಮೋರಿ ಎಂಬುದನ್ನು ನಾನು ಬಲ್ಲೆ. ಆದರೂ "ಹೂಂ" ಎಂದೆ. ಆ ರಾತ್ರಿ ಸುಖವಾಗಿಯೇ ನಿದ್ರೆ ಬಂದಿತು.

ನಿದ್ರೆ ಕೆಟ್ಟದ್ದು ಕಳೆದ ಬೇಸಗೆಯಲ್ಲಿ. ಕೆಂಗೇರಿಯಾಚೆ ನೆಂಟರ ಮನೆಗೆ ಹೋಗಿದ್ದವನು ಬೆಳಗಿನ ಜಾವ ಕೆರೆಯ ಏರಿಯ ಮೇಲೆ ನಡೆದೆ. ಕೆರೆಯನ್ನು ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದಾತ ದಡದಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಸತ್ತ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬದುಕಿದ್ದವು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. "ಯಾರು ಕೊಳಚೆ ಬಿಟ್ಟರೋ, ಯಾರನ್ನು ಕೇಳೋಣ ಸ್ವಾಮಿ?" ಎಂದ.

ಕಾರಣವೇನೂ ಗೂಢವಲ್ಲ. ಕೊಳಚೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ರಾತ್ರಿ ಪಾಚಿಯೂ ಅದನ್ನೇ ಉಸಿರಾಡುತ್ತದೆ. ಬೆಳಗಾಗುವ ಹೊತ್ತಿಗೆ ಮೀನಿಗೆ ಉಳಿಯುವುದು ಅತ್ಯಲ್ಪ. ನೀರು ಕಾದಷ್ಟೂ ಅದು ಹಿಡಿದಿಡುವ ಆಮ್ಲಜನಕವೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತವು. ಮರುತಿಂಗಳು ಬೆಂಗಳೂರು 39.2 ಡಿಗ್ರಿಯ ಬಿಸಿಲನ್ನು ಕಂಡಿತು. ಬೇಸಗೆ ಹೀಗೆ ಉಗ್ರವಾಗುತ್ತಿರುವಾಗ, ಹಿಂದೆ ಕೆರೆ ಹೇಗೋ ಸಹಿಸಿಕೊಳ್ಳುತ್ತಿದ್ದ ತಪ್ಪನ್ನು ಇನ್ನು ಸಹಿಸಲಾರದು. ಮಳೆ ಒಮ್ಮೆಲೇ ಸುರಿದರಂತೂ ಅದೇ ಕೊಳಚೆ ಉಕ್ಕಿ, ಬಾವಿಗಳನ್ನೂ ಒಡಕು ನಲ್ಲಿಗಳನ್ನೂ ಹೊಕ್ಕು, ವಾಂತಿಭೇದಿಯಾಗಿ, ವಿಷಮಶೀತಜ್ವರವಾಗಿ, ಕಾಮಾಲೆಯಾಗಿ ಮನುಷ್ಯರ ಮನೆಗೇ ಬರುತ್ತದೆ.

ನಮ್ಮ ಮೋರಿಯ ನೀರು ಆ ಕೆರೆಗೆ ಹೋಗುವುದಿಲ್ಲ, ನಿಜ. ಅದು ವೃಷಭಾವತಿಯನ್ನು ಕೂಡಿ, ಕೆಂಗೇರಿಯನ್ನು ಹಾದು, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಆದುದರಿಂದ ನಾನು ನಿರ್ದೋಷಿ ಎನ್ನಬಹುದಾಗಿತ್ತು. ಆದರೆ ಅಲ್ಲಿಯೂ ಒಬ್ಬಾತ "ಯಾರು?" ಎಂದು ಕೇಳುತ್ತಿರಲಾರನೆ? ಅವನ ಪಾಲಿನ ಆ 'ಯಾರೋ' ನಾನೇ ಅಲ್ಲವೆ?

"ಲಕ್ಷ ಮನೆಗಳ ನಡುವೆ ನಿಮ್ಮದೊಂದು ಪೈಪು ಏನು ಮಹಾ?" ಎಂದರು ಮಿತ್ರರೊಬ್ಬರು. ರಾತ್ರಿ ಕೊಳಕ್ಕೆ ಒಂದೊಂದು ಚೊಂಬು ಹಾಲು ಸುರಿಯಿರೆಂದು ಅರಸ ಅಪ್ಪಣೆ ಮಾಡಿದ ಕಥೆ ಯಾರಿಗೆ ಗೊತ್ತಿಲ್ಲ? ಬೆಳಗಾದಾಗ ಕೊಳದ ತುಂಬ ನೀರೇ. ಅವರೂ ಹೀಗೆಯೇ ಲೆಕ್ಕ ಹಾಕಿದ್ದರು. ಕೇಡಿನಲ್ಲಿ ನನ್ನ ಪಾಲು ಲಕ್ಷದಲ್ಲೊಂದಿರಬಹುದು. ಆ "ಹೂಂ" ಮಾತ್ರ ಇಡಿಯಾಗಿ ನನ್ನದು.

ಇನ್ನೊಂದು ಸಂಗತಿಯುಂಟು. 1974ರಿಂದ ನಾವು ಕುಡಿಯುತ್ತಿರುವ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತರುತ್ತಾರೆ. ನಮ್ಮ ವೃಷಭಾವತಿ ಅರ್ಕಾವತಿಯೊಡನೆ ಕಾವೇರಿಯನ್ನು ಸೇರುವುದು ಅದಕ್ಕೂ ಕೆಳಗೆ, ಸಂಗಮದಲ್ಲಿ. ಎಂದರೆ, ನಾವು ಮೇಲುಗಡೆ ಕುಡಿದು ಕೆಳಗಡೆ ಕದಡುತ್ತೇವೆ. ಈ ಕ್ರಮ ತಿರುಗುಮುರುಗಾಗಿದ್ದರೆ ಮೇಸ್ತ್ರಿಯ ಮಾತಿಗೆ ನಾನು ಒಪ್ಪುತ್ತಿದ್ದೆನೆ? ಹೊಳೆ ಹರಿಯುವ ದಿಕ್ಕಿನಿಂದ ನನಗೆ ದೊರೆತ ಅನುಕೂಲವನ್ನೇ ನಾನು ನಿರಪರಾಧವೆಂದು ತಿಳಿದಿದ್ದೆ.

ಮೇಸ್ತ್ರಿಯನ್ನು ಮತ್ತೆ ಕರೆಸಿದೆ. ಅನುಮತಿ ಪಡೆದು, ರಸ್ತೆ ಅಗೆಸಿ, ಪೈಪನ್ನು ಸರಿಯಾದ ಕಡೆಗೆ ಸೇರಿಸುವುದಕ್ಕೆ ಅವನು ಹೇಳಿದಂತೆ ಒಂದು ತಿಂಗಳೇ ಹಿಡಿಯಿತು. ನೆರೆಯವರು ಗೊಣಗಿದರು. ವೃಷಭಾವತಿ ಇಂದಿಗೂ ಕಪ್ಪಾಗಿಯೇ ಹರಿಯುತ್ತಿದೆ. ಆದರೆ ಕೆಳಗಿನಿಂದ ಯಾರಾದರೂ "ಯಾರು?" ಎಂದು ಕೂಗಿದರೆ, ಇನ್ನು ಮೇಲೆ ನಾನು ಬಾಗಿಲು ತೆರೆದು ಹೊರಗೆ ಬರಬಲ್ಲೆ.