ನಾಟಕಕ್ಕೆ ‘ನಿಜ’ ಎಂದು ಹೆಸರಿಟ್ಟಾಗ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಅಂದು ರಾತ್ರಿ ದೀಪ ಹಿಡಿದು ಹುಡುಕಿದವರಿಗೆ ಕೋಟೆ ಬಾಗಿಲ ಬಳಿ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಗುಂಡು ಹಾರಿಸಿದ ಸಿಪಾಯಿಯ ಹೆಸರು ಗೆದ್ದವರಿಗೂ ತಿಳಿಯಲಿಲ್ಲ.

ಇತಿಹಾಸ ಖಾಲಿ ಬಿಟ್ಟ ಈ ಜಾಗಕ್ಕೆ ಉರಿಗೌಡ, ನಂಜೇಗೌಡ ಎಂಬಿಬ್ಬರನ್ನು ತಂದು ನಿಲ್ಲಿಸಲಾಯಿತು. 2022ರ ನವೆಂಬರ್‌ನಲ್ಲಿ ಮೈಸೂರಿನ ರಂಗಾಯಣ ಆಡಿದ, ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜಕನಸುಗಳು’ ನಾಟಕದ ಪ್ರಕಾರ ಟಿಪ್ಪುವನ್ನು ಕೊಂದವರು ಈ ಇಬ್ಬರು ಒಕ್ಕಲಿಗರು. 2023ರ ಮಾರ್ಚ್‌ನಲ್ಲಿ ಆಗಿನ ಸಚಿವ ಮುನಿರತ್ನ ಇದನ್ನೇ ಸಿನಿಮಾ ಮಾಡಹೊರಟರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಬೇಡವೆಂದ ಮೇಲೆ ಕೈಬಿಟ್ಟರು. ಇವರು ಕೊಂದರೆನ್ನಲು ಆ ಕಾಲದ ದಾಖಲೆ ಒಂದೂ ಇಲ್ಲ.

ಕತೆಗಾರನಿಗೆ ಕಲ್ಪಿಸುವ ಹಕ್ಕಿಲ್ಲವೇ? ಖಂಡಿತ ಇದೆ. ನಾನೂ ಕತೆ ಬರೆದೇ ಬದುಕಿದವನು. ನಮ್ಮ ಚಿತ್ರದುರ್ಗದ ಪತನವನ್ನು ತ.ರಾ.ಸು. ‘ದುರ್ಗಾಸ್ತಮಾನ’ದಲ್ಲಿ ಕಲ್ಪಿಸಿಕೊಂಡರು, ಆದರೆ ಅದನ್ನು ಕಾದಂಬರಿಯೆಂದೇ ಓದುಗರ ಕೈಗಿಟ್ಟರು. ‘ನಿಜ’ ಎಂಬ ಮಾತನ್ನು ಹಣೆಗೆ ಅಂಟಿಸಿಕೊಂಡ ಕೃತಿ ಸಾಕ್ಷಿಯ ಸಾಲವನ್ನೂ ಹೊರಬೇಕು. ಸಾಕ್ಷಿ ಕೇಳಿದಾಗ ‘ಇದು ಕಲೆ’ ಎನ್ನುವುದು, ಕಲೆಯೆಂದು ನೋಡಿದರೆ ‘ಇದು ಇತಿಹಾಸ’ ಎನ್ನುವುದು ಎರಡು ತಕ್ಕಡಿಯ ವ್ಯಾಪಾರ.

ಈ ತಕ್ಕಡಿಯಲ್ಲಿ ನಾವೂ ಕೂರಬೇಕು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ನಾಯಕನ ಸೈನ್ಯದಲ್ಲಿದ್ದ ಮುಸ್ಲಿಂ ಸರದಾರರ ದ್ರೋಹದಿಂದಲೇ ಕೋಟೆ ಬಿತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿದೆ. ನಮಗೆ ಕಹಿಯೆಂದು ಅದನ್ನು ಮರೆಮಾಚಲಾಗದು. ಬರೆದವರು ಯಾರು, ಆಧಾರವೇನು ಎಂದು ಪರಿಶೀಲಿಸಬಹುದು. ನಿಜವೆಂದು ಕಂಡರೆ ಒಪ್ಪಬೇಕು. ಉರಿಗೌಡರಿಗೆ ದಾಖಲೆ ಕೇಳುವ ಬಾಯಿ ದುರ್ಗದ ದಾಖಲೆಯ ಮುಂದೆ ಮೌನವಾದರೆ ನಮ್ಮ ಪ್ರಶ್ನೆಗೆ ಬೆಲೆಯಿಲ್ಲ.

ಹಾಗೆ ಒಪ್ಪಿದರೂ, ಆ ಸರದಾರರ ಪಾಪ ಇಂದು ಹೊಳಲ್ಕೆರೆಯಲ್ಲಿ ಅಂಗಡಿ ಇಟ್ಟವನಿಗೋ ಹಿರಿಯೂರಿನಲ್ಲಿ ಆಟೋ ಓಡಿಸುವವನಿಗೋ ಅಂಟುವುದಿಲ್ಲ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎನ್ನುತ್ತದೆ ಕುರ್‌ಆನ್. ಪಾಪಕ್ಕೆ ಸಲ್ಲುವ ಈ ನ್ಯಾಯ ಪರಾಕ್ರಮಕ್ಕೂ ಸಲ್ಲಬೇಕು. ಇನ್ನೂರು ವರ್ಷದ ಹಿಂದಿನ ಒಂದು ಕೊಲೆಯನ್ನು ಇಡೀ ಜಾತಿಯ ಕೀರ್ತಿಯೆಂದು ಹಂಚುವವರು ಅದರ ಜೊತೆಗೆ ಹಗೆಯನ್ನೂ ಹಂಚುತ್ತಾರೆ. ಮಂಡ್ಯದ ಗದ್ದೆಯಲ್ಲಿ ಜೊತೆಯಾಗಿ ದುಡಿಯುವ ಗೌಡರಿಗೂ ಸಾಬರಿಗೂ ಅಂಥ ಕೀರ್ತಿ ಬೇಕಿಲ್ಲ.

ಸತ್ತವರು ಎದ್ದು ಬಂದು ತಮ್ಮ ಮಾತು ಹೇಳಲಾರರು. ಆದ್ದರಿಂದಲೇ ಅವರ ಬಗ್ಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವುದು ಬರೆಯುವವನ ಧರ್ಮ. ಆ ಸಿಪಾಯಿ ಹೆಸರಿಲ್ಲದವನಾಗಿಯೇ ಉಳಿಯಲಿ.