ಸಾಕು ಎನ್ನುವ ಮಿತಿ ಮತ್ತು ಇಬ್ಬರ ಮನೆ

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟ ಗಂಡಹೆಂಡಿರು ಜಯನಗರ, ಮಲ್ಲೇಶ್ವರ, ರಾಜಾಜಿನಗರಗಳ ದರ ಕೇಳಿದೊಡನೆ ಕೆಂಗೇರಿಯಾಚೆ, ಮಾದಾವರದ ಕಡೆ, ಚಂದಾಪುರ, ಹೊಸಕೋಟೆಗಳ ಕಡೆ ಕಣ್ಣು ಹಾಯಿಸುತ್ತಾರೆ. ಯಾವ ಬಡಾವಣೆ ಕೈಗೆಟುಕುತ್ತದೆ ಎಂಬುದನ್ನು ಬರೀ ಲೆಕ್ಕದ ಮಾತೆಂದು ಬಗೆದು ನಾವು ಬ್ಯಾಂಕಿಗೂ ದಲ್ಲಾಳಿಗೂ ಒಪ್ಪಿಸಿಬಿಟ್ಟಿದ್ದೇವೆ. ನನಗಿದು ಧರ್ಮದ ಪ್ರಶ್ನೆಯಾಗಿಯೇ ಕಾಣುತ್ತದೆ. ಸಂಸಾರಸ್ಥರಿಗೆ ಎಷ್ಟಿದ್ದರೆ ಸಾಕು? ಅದನ್ನು ಯಾರು, ಯಾವಾಗ ಗೊತ್ತುಮಾಡಬೇಕು? ಮನೆ ನೋಡುವುದಕ್ಕೆ ಮೊದಲೇ ಇಬ್ಬರೂ ಕೂಡಿ ಹಣಕ್ಕೊಂದು, ಹೊತ್ತಿಗೊಂದು ಮಿತಿ ಹಾಕಿಕೊಳ್ಳಬೇಕು, ಬಡಾವಣೆಯ ಆಯ್ಕೆ ಆ ಮಿತಿಯೊಳಗೇ ನಡೆಯಬೇಕು ಎಂಬುದು ನನ್ನ ವಾದ.

ಇಲ್ಲಿ ಸನ್ಯಾಸಿಯ ಆದರ್ಶ ಹೆಚ್ಚು ನೆರವಿಗೆ ಬರುವುದಿಲ್ಲ. ಗೀತೆಯ ಹನ್ನೆರಡನೆಯ ಅಧ್ಯಾಯ ಮನೆಯ ಹಂಗಿಲ್ಲದ ಭಕ್ತನನ್ನು ಮೆಚ್ಚುತ್ತದೆ. ಅದೇ ಆದರ್ಶವನ್ನು 'ಅನಿಕೇತನ' ಕವಿತೆಯಲ್ಲಿ ಹಾಡಿದ ಕುವೆಂಪು ಮೈಸೂರಿನ 'ಉದಯರವಿ' ಮನೆಯಲ್ಲಿ ತುಂಬು ಸಂಸಾರ ನಡೆಸಿದರು. ಚೇತನಕ್ಕೆ ಗೋಡೆ ಇರಬಾರದು ಎಂದವರಿಗೂ ಮಕ್ಕಳ ತಲೆಯ ಮೇಲೊಂದು ಸೂರು ಬೇಕಿತ್ತು, ಅದರಲ್ಲಿ ವಿರೋಧವೇನೂ ಇಲ್ಲ. ಆದರೆ ಸೂರು ಬೇಕೆಂದು ಒಪ್ಪಿದವರಿಗೆ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿ, ಎಷ್ಟು ಸಾಲಕ್ಕೆ ಎಂದು ಹೇಳುವ ಶಾಸ್ತ್ರ ಬೇಕು. ಅಂಥದ್ದು ನಮ್ಮ ನೆಲದಲ್ಲಿ ಬಹುಕಾಲ ಬಾಳಿದ ಜೈನರ ಶ್ರಾವಕಾಚಾರದಲ್ಲಿ, ಅಂದರೆ ಗೃಹಸ್ಥರ ನಡತೆಯ ನಿಯಮಗಳಲ್ಲಿ, ಇದೆ. ಮುನಿಗೆ ಪೂರ್ಣ ಅಪರಿಗ್ರಹ, ಏನನ್ನೂ ತನ್ನದೆಂದು ಇಟ್ಟುಕೊಳ್ಳದಿರುವುದು. ಗೃಹಸ್ಥನಿಗೆ ಪರಿಗ್ರಹ ಪರಿಮಾಣ. ಅಂದರೆ ಇಷ್ಟರ ಮೇಲೆ ನನಗೆ ಬೇಡ ಎಂದು ಮೊದಲೇ ಅಳತೆ ಗೊತ್ತುಮಾಡಿ ವ್ರತ ಹಿಡಿಯುವುದು. ಈ ಅಳತೆಗೆ ಒಳಪಡಬೇಕಾದವುಗಳನ್ನು ಜೈನರ ಮೂಲಗ್ರಂಥವಾದ ತತ್ತ್ವಾರ್ಥಸೂತ್ರ ಹೆಸರಿಸುವಾಗ ಚಿನ್ನ, ಧಾನ್ಯಗಳಿಗಿಂತ ಮೊದಲು ಬರುವುದು ಕ್ಷೇತ್ರ ಮತ್ತು ವಾಸ್ತು, ಹೊಲ ಮತ್ತು ಮನೆ. ಇದರ ಜೊತೆಗೇ ದಿಗ್‌ವ್ರತವೆಂಬ ಇನ್ನೊಂದಿದೆ: ಯಾವ ದಿಕ್ಕಿಗೆ ಎಷ್ಟು ದೂರದವರೆಗೆ ಮಾತ್ರ ಹೋಗುತ್ತೇನೆ ಎಂಬ ಗಡಿ. ಆ ವ್ರತ ಕೆಡುವ ಬಗೆಗಳನ್ನೂ ಸೂತ್ರ ಪಟ್ಟಿಮಾಡಿದೆ. ಅವುಗಳಲ್ಲಿ ಎರಡು ನನ್ನನ್ನು ಬಹಳ ಹಿಡಿದು ನಿಲ್ಲಿಸುತ್ತವೆ: ಹಾಕಿಕೊಂಡ ಗಡಿಯನ್ನು ಹಿಗ್ಗಿಸಿಕೊಳ್ಳುವುದು, ಗಡಿ ಹಾಕಿಕೊಂಡದ್ದನ್ನೇ ಮರೆಯುವುದು.

ಮನೆ ಹುಡುಕಾಟದಲ್ಲಿ ನಡೆಯುವುದು ಇವೆರಡೇ. ಐವತ್ತು ಲಕ್ಷವೆಂದು ಹೊರಟವರು ಒಂದು ಬಾಲ್ಕನಿ ಕಂಡು ಐವತ್ತೆಂಟಕ್ಕೆ, ಈಜುಕೊಳ ಕಂಡು ಅರವತ್ತೈದಕ್ಕೆ ಬರುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಈಗ ಹಾಸಿಗೆಯನ್ನು ಅಳೆಯುತ್ತಿರುವುದೇ ಸಾಲ ಕೊಡುವವರು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 90ರಷ್ಟಿರಬಹುದು, 75 ಲಕ್ಷದವರೆಗೆ ಶೇ. 80ರಷ್ಟು. ಈ ಮಿತಿ ಇರುವುದು ಬ್ಯಾಂಕಿನ ಹಣದ ಭದ್ರತೆಗಾಗಿ. ನಿಮ್ಮ ನೆಮ್ಮದಿಯನ್ನು ಅದು ಅಳೆದಿಲ್ಲ. 50 ಲಕ್ಷವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 43,400 ರೂಪಾಯಿ, ಒಟ್ಟು ಕಟ್ಟುವುದು ಒಂದು ಕೋಟಿ ನಾಲ್ಕು ಲಕ್ಷದಷ್ಟು. ಸಿಗುವ ಸಾಲಕ್ಕೂ ತಾಳುವ ಸಾಲಕ್ಕೂ ನಡುವಿನ ಅಂತರವನ್ನು ತುಂಬಬೇಕಾದದ್ದು ಸ್ವಂತ ವಿವೇಕ.

ಹಾಗಾದರೆ ಅಗ್ಗದ ಬಡಾವಣೆಗೆ ಹೋದರಾಯಿತು ಎಂದುಕೊಳ್ಳುವುದೂ ಅರ್ಧ ಲೆಕ್ಕವೇ. ದೂರದ ಮನೆಯ ಬೆಲೆಯಲ್ಲಿ ಉಳಿದದ್ದನ್ನು ದೇಹ ತೆರುತ್ತದೆ. ಹೋಗಲು ಒಂದೂವರೆ, ಬರಲು ಒಂದೂವರೆ ಗಂಟೆ, ತಿಂಗಳಿಗೆ 22 ದಿನ ಎಂದಿಟ್ಟುಕೊಂಡರೆ 20 ವರ್ಷದಲ್ಲಿ 15,840 ಗಂಟೆ. ಹಗಲೂ ರಾತ್ರಿಯೂ ಸೇರಿಸಿದ 660 ದಿನ. ದಿಗ್‌ವ್ರತ ಹುಟ್ಟಿದ್ದು ಹಿಂಸೆಯನ್ನೂ ವ್ಯಾಪಾರದ ದುರಾಸೆಯನ್ನೂ ಕಟ್ಟಿಹಾಕಲು, ಸಮಯ ಉಳಿಸಲು ಅಲ್ಲ ಎಂಬುದನ್ನು ನಾನು ಬಲ್ಲೆ. ಆದರೂ ಓಡಾಟಕ್ಕೆ ಗಡಿಯಿಲ್ಲದಿದ್ದರೆ ಬದುಕು ಚೆದುರುತ್ತದೆಂಬ ಅದರ ತಿಳಿವಳಿಕೆ ಇಲ್ಲಿಗೂ ಸಲ್ಲುತ್ತದೆ. ಆದ್ದರಿಂದ ದೂರವನ್ನು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ ಅಳೆಯಬೇಕು. 2023ರ ಅಕ್ಟೋಬರಿನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ ಕೆಂಗೇರಿಯ ನಿಲ್ದಾಣದ ಬಳಿಯ ಪುಟ್ಟ ಮನೆ, ಮೆಟ್ರೊ ಇಲ್ಲದ ಕಡೆ ಇನ್ನೂ ಹತ್ತಿರವಿರುವ ದೊಡ್ಡ ಮನೆಗಿಂತ ಸಮೀಪವಾಗಬಹುದು. ನೀರಿನ ಬಗ್ಗೆಯೂ ಕೇಳಬೇಕು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದವರಿಗೆ ಅಗ್ಗವೆಂದರೇನೆಂದು ಗೊತ್ತಿದೆ.

ಶಾಸ್ತ್ರ ನೇರವಾಗಿ ಉತ್ತರಿಸದ ತೊಡಕೊಂದು ಉಳಿಯುತ್ತದೆ. ವ್ರತ ಹಿಡಿಯುವುದು ಒಬ್ಬೊಬ್ಬರೇ. ಸಾಲ ಮಾಡುವುದು ಜೋಡಿ. ಜಂಟಿ ಸಾಲದಲ್ಲಿ ಇಬ್ಬರಲ್ಲಿ ಒಬ್ಬರು ಕಟ್ಟದಿದ್ದರೆ ಇಡೀ ಮೊತ್ತಕ್ಕೆ ಇನ್ನೊಬ್ಬರು ಹೊಣೆ. ಗಂಡನ ಕಚೇರಿಗೆ ಹತ್ತಿರವೆಂದು ಆರಿಸಿದ ಬಡಾವಣೆಯಿಂದ ಹೆಂಡತಿ ಮೂರು ಬಸ್ಸು ಬದಲಿಸಿ ಶಾಲೆಗೆ ಪಾಠ ಹೇಳಲು ಹೋಗಿ, ಬಂದು ಒಲೆ ಹಚ್ಚಬೇಕಾದರೆ, ಆ ಮನೆ ಅಗ್ಗವಾದದ್ದು ಅವಳ ಹೊತ್ತಿನಿಂದ. ತನ್ನ ಮಿತವ್ಯಯದ ಭಾರವನ್ನು ಇನ್ನೊಬ್ಬರ ಮೈಮೇಲೆ ಹೊರಿಸಿದರೆ ಅದು ಸಂಯಮವಾಗುವುದಿಲ್ಲ. ಅಹಿಂಸೆಯನ್ನು ತಳಹದಿಯಾಗಿಟ್ಟ ಆಚಾರದಲ್ಲಂತೂ ಅದಕ್ಕೆ ಜಾಗವೇ ಇಲ್ಲ. ಆದಕಾರಣ ಮಿತಿ ಎರಡು ಬಾಯಿಂದ ಬರಬೇಕು, ಮನೆಯ ಪತ್ರದಲ್ಲಿ ಎರಡು ಹೆಸರೂ ಇರಬೇಕು. ಒಬ್ಬರು ಬೇಡವೆಂದರೆ ಆ ಮನೆ ಎಷ್ಟೇ ಸೋವಿಯಾದರೂ ಇಬ್ಬರ ಅಳತೆಗೆ ಹೊರಗಿನದೇ.

ಸಂಬಳ ಏರುತ್ತದೆ, ಬೆಲೆಯೂ ಏರುತ್ತದೆ, ಈಗ ಸ್ವಲ್ಪ ಎಳೆದುಕೊಂಡೇ ಕೊಳ್ಳುವುದು ಜಾಣತನ ಎನ್ನುವವರಿದ್ದಾರೆ. ಹಾಗೆ ಕೊಂಡು ಗೆದ್ದವರೂ ಇದ್ದಾರೆ, ನಿಜ. ಆದರೆ ವಾಸದ ಮನೆಯ ಬೆಲೆ ಏರಿದ ಲಾಭ ಕೈಗೆ ಬರುವುದು ಅದನ್ನು ಮಾರಿದಾಗ. ಮಾರಿದವರು ಮತ್ತೆ ಅದೇ ಏರಿದ ಪೇಟೆಯಲ್ಲಿ ಸೂರು ಹುಡುಕಬೇಕು. ಕಂತು ಮಾತ್ರ ತಿಂಗಳಾಗುತ್ತಲೇ ಬಂದು ನಿಲ್ಲುತ್ತದೆ, ಕೆಲಸ ಹೋದ ತಿಂಗಳೂ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಮಿತಿ ಹಾಕಿಕೊಳ್ಳುವ ಮಾತು ಆಯ್ಕೆ ಉಳ್ಳವರದು, ಇಲ್ಲದವರನ್ನು ಪೇಟೆಯೇ ಮಿತಿಯಲ್ಲಿಟ್ಟಿದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕೊಳ್ಳಲಾಗದೆ ಊರಂಚಿಗೆ ಸರಿದವರ ಬವಣೆಗೆ ವ್ರತದ ಹೆಸರಿಡುವುದು ಅನ್ಯಾಯ. ಅವರಿಗೆ ಬೇಕಾದದ್ದು ಬಸ್ಸು, ನೀರು, ಸರ್ಕಾರದ ವಸತಿ. ಈ ಮಾತು ಸಾಲ ಸಿಗುವವರಿಗೆ, ಮತ್ತು ಅವರ ಮೇಲೇ ಇದರ ಹೊರೆ ಹೆಚ್ಚು, ಏಕೆಂದರೆ ಮಿತಿ ಮೀರಿ ಅವರು ತೆತ್ತ ಬೆಲೆಯೇ ಮುಂದೆ ಆ ಬೀದಿಯ ದರವಾಗುತ್ತದೆ.

ಮನೆ ನೋಡಲು ಹೊರಡುವ ಮುಂಚೆ ಇಬ್ಬರೂ ಕೂತು ಎರಡು ಅಂಕಿ ಬರೆದಿಡಿ: ತಿಂಗಳ ಕಂತು ಇಷ್ಟರ ಮೇಲೆ ಬೇಡ, ದಿನದ ಓಡಾಟ ತಲಾ ಇಷ್ಟು ಗಂಟೆಯ ಮೇಲೆ ಬೇಡ. ಆ ಅಂಕಿಗಳೊಳಗೆ ಈ ವರ್ಷ ಯಾವ ಬಡಾವಣೆಯೂ ಸಿಗದಿದ್ದರೆ ಬಾಡಿಗೆ ಮನೆಯಲ್ಲೇ ಇರಿ.