ಹೊರಗಿನಿಂದ ತೆರೆಯುವ ಬಾಗಿಲು

ಪಾಶ್ಚಾತ್ಯ ಕ್ರೈಸ್ತ ಸಭೆಗಳ ಆರಾಧನಾ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಕ್ರಿಸ್‌ಮಸ್ಸಿಗೆ ಮುಂಚೆ ಬರುವ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದರಂದು. ಆ ದಿನದಿಂದ ಡಿಸೆಂಬರ್ 24ರವರೆಗಿನ ಅವಧಿಗೆ ಆಗಮನ ಕಾಲವೆಂದು ಹೆಸರು. ಹಬ್ಬವೊಂದೇ ಮುಖ್ಯವಾಗಿದ್ದರೆ ಅದರ ಸಿದ್ಧತೆಗೆ ಒಂದೆರಡು ದಿನ ಸಾಕಾಗುತ್ತಿತ್ತು. ಸಭೆಯಾದರೋ ಕಾಯುವುದನ್ನೇ ಆರಾಧನೆಯೆಂದು ಬಗೆದು, ಅದಕ್ಕೆ ತನ್ನ ವರ್ಷದ ಮೊದಲ ಸ್ಥಾನವನ್ನು ಕೊಟ್ಟಿದೆ. ಈ ದಿನಗಳಲ್ಲಿ ಓದುವ ಬೈಬಲ್ ಪಾಠಗಳಿಗೆ ಎರಡು ದಿಕ್ಕುಗಳಿವೆ: ಬೇತ್ಲೆಹೇಮಿನಲ್ಲಿ ಒಮ್ಮೆ ಬಂದವನ ಸ್ಮರಣೆ ಒಂದು, ಕಾಲದ ಕೊನೆಯಲ್ಲಿ ಮತ್ತೆ ಬರಲಿರುವವನ ನಿರೀಕ್ಷೆ ಇನ್ನೊಂದು. ಸ್ಮರಣೆಯಿಂದ ಹುಟ್ಟುವುದು ಕೃತಜ್ಞತೆ. ಮುಂದೆ ನೋಡುವುದು ನಿರೀಕ್ಷೆ. ಹಿಂದೆ ಬಂದವನೂ ಮುಂದೆ ಬರುವವನೂ ಒಬ್ಬನೇ ಎಂದು ಹಿಡಿದುಕೊಳ್ಳುವುದು ವಿಶ್ವಾಸ. ಈ ಮೂರೂ ಒಂದಕ್ಕೊಂದು ಆಧಾರವಾಗಿ ನಿಂತಿವೆ ಎಂಬುದು ಕ್ರೈಸ್ತ ಚಿಂತನೆಯ ಹಳೆಯ ಮಾತು. ಆದರೆ ಕೃತಜ್ಞನಾಗಿರಲು ಏನೂ ಉಳಿಯದ, ನಿರೀಕ್ಷಿಸಲು ಯಾವ ಕಾರಣವೂ ಕಾಣದ ಸ್ಥಿತಿಯಲ್ಲಿ ಈ ಮಾತು ನಿಲ್ಲಬಲ್ಲುದೇ, ಅಥವಾ ಅದು ಅನುಕೂಲಸ್ಥರ ಹಬ್ಬದೂಟದ ಮುಂದಿನ ಸಮಾಧಾನ ಮಾತ್ರವೇ ಎಂಬುದು ತಳ್ಳಿಹಾಕಲಾಗದ ಪ್ರಶ್ನೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಅತ್ಯಂತ ಕಠಿಣವಾಗಿ ಪರೀಕ್ಷೆಗೊಳಗಾದ ಸ್ಥಳಗಳಲ್ಲಿ ಒಂದು ಬರ್ಲಿನ್ ನಗರದ ಟೇಗೆಲ್ ಸೆರೆಮನೆ.

ಮೊದಲು ನಿರೀಕ್ಷೆ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ನಿರೀಕ್ಷೆಗೆ ವಿಷಯವಾಗುವ ವಸ್ತು ಒಳ್ಳೆಯದಾಗಿರಬೇಕು, ಇನ್ನೂ ಕೈಗೆ ಬಾರದ್ದಾಗಿರಬೇಕು, ಸುಲಭವಾಗಿ ದೊರೆಯದಂಥದಾಗಿರಬೇಕು, ಆದರೂ ದೊರೆಯಲು ಸಾಧ್ಯವಿರುವಂಥದಾಗಿರಬೇಕು. ಕಷ್ಟವೇ ಇಲ್ಲವೆಂದು ತಿಳಿಯುವುದು ಅಹಂಭಾವ, ಸಾಧ್ಯತೆಯೇ ಇಲ್ಲವೆಂದು ತೀರ್ಮಾನಿಸುವುದು ಹತಾಶೆ. ಅವನ ಪ್ರಕಾರ ಇವೆರಡೂ ನಿರೀಕ್ಷೆಗೆ ವಿರುದ್ಧವಾದ ಪಾಪಗಳು. ಎಲ್ಲವೂ ತಾನಾಗಿಯೇ ಸರಿಹೋಗುತ್ತದೆಂಬ ಲಘುವಾದ ಭರವಸೆಗೆ ಈ ವ್ಯಾಖ್ಯೆಯಲ್ಲಿ ಸ್ಥಳವಿಲ್ಲವೆಂಬುದನ್ನು ಗಮನಿಸಬೇಕು, ಏಕೆಂದರೆ ಡಿಸೆಂಬರ್ ತಿಂಗಳಲ್ಲಿ ಶುಭಾಶಯ ಪತ್ರಗಳ ಮೂಲಕ ಹರಿದಾಡುವುದು ಬಹುಮಟ್ಟಿಗೆ ಆ ಲಘು ಭರವಸೆಯೇ.

ಟೇಗೆಲ್‌ನಲ್ಲಿ ಈ ಪರೀಕ್ಷೆಯನ್ನು ಎದುರಿಸಿದ ಡೀಟ್ರಿಕ್ ಬಾನ್‌ಹಾಫರ್ 1906ರಲ್ಲಿ ಹುಟ್ಟಿದ ಜರ್ಮನ್ ಲೂಥರನ್ ದೇವಶಾಸ್ತ್ರಜ್ಞ. ಹಿಟ್ಲರನ ಆಳ್ವಿಕೆಯು ಚರ್ಚನ್ನು ತನ್ನ ಜನಾಂಗ ಸಿದ್ಧಾಂತಕ್ಕೆ ಒಗ್ಗಿಸಿಕೊಳ್ಳಲು ಹೊರಟಾಗ ಅದನ್ನು ವಿರೋಧಿಸಿ ರೂಪುಗೊಂಡ 'ಕನ್ಫೆಸಿಂಗ್ ಚರ್ಚ್' ಎಂಬ ಪ್ರಾಟೆಸ್ಟಂಟ್ ಚಳವಳಿಯ ಮುಂದಾಳುಗಳಲ್ಲಿ ಅವನೂ ಒಬ್ಬ. ಅಹಿಂಸಾತ್ಮಕ ಪ್ರತಿರೋಧವನ್ನು ಕಣ್ಣಾರೆ ಕಂಡು ಕಲಿಯಬೇಕೆಂದು ಭಾರತಕ್ಕೆ ಬರಲು ಅವನು ಬಯಸಿದ್ದನು. 1934ರ ನವೆಂಬರಿನಲ್ಲಿ ಗಾಂಧೀಜಿ ಅವನನ್ನು ಆಶ್ರಮಕ್ಕೆ ಸ್ವಾಗತಿಸಿ ಪತ್ರವನ್ನೂ ಬರೆದಿದ್ದರು. ಆ ಪ್ರಯಾಣ ನಡೆಯಲಿಲ್ಲ. ಮುಂದೆ ಸೇನೆಯ ಗುಪ್ತಚರ ವಿಭಾಗದೊಳಗೇ ಹಿಟ್ಲರನ ವಿರುದ್ಧ ಸಂಚು ಹೂಡಿದ್ದವರ ಜೊತೆ ಸೇರಿದ ಬಾನ್‌ಹಾಫರನನ್ನು 1943ರ ಏಪ್ರಿಲ್ 5ರಂದು ಬಂಧಿಸಿ ಟೇಗೆಲ್‌ಗೆ ಕಳುಹಿಸಲಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1942ರ ಕ್ರಿಸ್‌ಮಸ್ಸಿನ ಹೊತ್ತಿಗೆ, ಆಪ್ತರಿಗೆ ಕಾಣಿಕೆಯಾಗಿ ಬರೆದುಕೊಟ್ಟ ಒಂದು ಪ್ರಬಂಧದಲ್ಲಿ ಅವನು ನಾಳಿನ ಬಗೆಗಿನ ಭರವಸೆಯನ್ನು ಇಂದಿನ ಪರಿಸ್ಥಿತಿಯನ್ನು ಅಳೆದು ನೋಡಿ ಬರುವ ಅಭಿಪ್ರಾಯವೆಂದು ತಿಳಿಯಬಾರದೆಂದೂ, ಉಳಿದವರು ಕೈಚೆಲ್ಲಿದಾಗಲೂ ನಾಳೆಯನ್ನು ವೈರಿಗೆ ಬಿಟ್ಟುಕೊಡದಿರುವ ಶಕ್ತಿ ಅದೆಂದೂ ವಾದಿಸಿದ್ದನು. ಕಡೆಯ ತೀರ್ಪಿನ ದಿನ ನಾಳೆಯೇ ಬಂದರೆ ಒಳ್ಳೆಯ ಭವಿಷ್ಯಕ್ಕಾಗಿ ದುಡಿಯುವುದನ್ನು ಸಂತೋಷದಿಂದ ನಿಲ್ಲಿಸಬಹುದು, ಅದಕ್ಕೆ ಮುಂಚೆ ನಿಲ್ಲಿಸಲಾಗದು ಎಂಬುದು ಅಲ್ಲಿನ ನಿಲುವು.

1943ರ ನವೆಂಬರ್ ಕೊನೆಯಲ್ಲಿ ಆಗಮನ ಕಾಲ ಹತ್ತಿರವಾದಾಗ, ಕಾವಲುಗಾರರ ಕಣ್ಣು ತಪ್ಪಿಸಿ ಗೆಳೆಯ ಎಬರ್ಹಾರ್ಡ್ ಬೆಟ್ಗೆಗೆ ಕಳುಹಿಸಿದ ಪತ್ರದಲ್ಲಿ ಬಾನ್‌ಹಾಫರ್ ಸೆರೆಮನೆಯ ಕೋಣೆಯನ್ನೂ ಆಗಮನ ಕಾಲವನ್ನೂ ಒಟ್ಟಿಗೆ ಇಟ್ಟು ನೋಡಿದನು. ಕೋಣೆಯಲ್ಲಿರುವವನು ಕಾಯುತ್ತಾನೆ, ಆಶಿಸುತ್ತಾನೆ, ಅದು ಇದು ಮಾಡುತ್ತಾನೆ. ಆದರೆ ಬಾಗಿಲು ಮುಚ್ಚಿದೆ, ಅದು ತೆರೆಯುವುದಾದರೆ ಹೊರಗಿನಿಂದಲೇ ತೆರೆಯಬೇಕು. ಈ ರೂಪಕವನ್ನು ಮನುಷ್ಯ ಪ್ರಯತ್ನದ ನಿರಾಕರಣೆಯೆಂದು ಓದುವುದು ತಪ್ಪು. ಪ್ರಯತ್ನಪಟ್ಟದ್ದರಿಂದಲೇ ಆ ಮನುಷ್ಯ ಸೆರೆಯಲ್ಲಿದ್ದನು. ತನ್ನ ಕೈಲಾದುದನ್ನೆಲ್ಲ ಮಾಡಿ ಮುಗಿಸಿದ ಮೇಲೂ ಬಾಗಿಲಿನ ಈಚೆ ಬದಿಯಲ್ಲಿ ಹಿಡಿಯಿಲ್ಲವೆಂದು ಕಂಡುಕೊಳ್ಳುವುದು, ಕಂಡುಕೊಂಡ ಮೇಲೂ ಹತಾಶೆಗೆ ಬೀಳದಿರುವುದು—ಅಕ್ವಿನಾಸ್ ಹೇಳಿದ 'ಸುಲಭವಲ್ಲದ, ಆದರೂ ಸಾಧ್ಯವಾದ' ಒಳಿತಿನ ನಿಜವಾದ ಅರ್ಥ ಇಲ್ಲಿ ತಿಳಿಯುತ್ತದೆ.

ಅದೇ ನವೆಂಬರಿನಲ್ಲಿ ಬರ್ಲಿನ್ನಿನ ಮೇಲೆ ಬ್ರಿಟಿಷ್ ವಾಯುಪಡೆಯ ಭಾರಿ ಬಾಂಬ್ ದಾಳಿಗಳು ಆರಂಭವಾಗಿದ್ದವು. ಆ ದಿನಗಳ ಪತ್ರವೊಂದರಲ್ಲಿ ಅವನು ಹದಿನಾರನೆಯ ಶತಮಾನದ ಚಿತ್ರಕಾರ ಆಲ್‌ಬ್ರೆಖ್ಟ್ ಆಲ್ಟ್‌ಡಾರ್ಫರ್ ಬರೆದ ಕ್ರಿಸ್ತಜನನದ ಚಿತ್ರವನ್ನು ನೆನೆಯುತ್ತಾನೆ. ಅದರಲ್ಲಿ ಯೋಸೇಫ, ಮರಿಯ, ಕೂಸು ಇರುವುದು ಅಚ್ಚುಕಟ್ಟಾದ ಗೋದಲಿಯಲ್ಲಲ್ಲ, ಕುಸಿದುಬಿದ್ದ ಮನೆಯೊಂದರ ಇಟ್ಟಿಗೆ, ತೊಲೆಗಳ ನಡುವೆ. ನಾನೂರು ವರ್ಷಗಳ ಹಿಂದಿನ ಆ ಚಿತ್ರ ಈಗಿನ ಕಾಲಕ್ಕೆ ಎಷ್ಟು ಹೊಂದುತ್ತದೆ ಎಂದು ಬಾನ್‌ಹಾಫರ್ ಬೆರಗುಪಟ್ಟನು. ಹೆತ್ತವರಿಗೆ ಡಿಸೆಂಬರ್ ನಡುವಿನಲ್ಲಿ ಬರೆದ ಪತ್ರದಲ್ಲಂತೂ, ಸೆರೆಮನೆಯಲ್ಲಿ ಕ್ರಿಸ್‌ಮಸ್ ಆಚರಿಸುವುದು ಕ್ರೈಸ್ತನಿಗೆ ವಿಶೇಷ ತೊಡಕಿನ ವಿಷಯವೇ ಅಲ್ಲವೆಂದು ಅವನು ಅವರನ್ನು ಸಮಾಧಾನಪಡಿಸುತ್ತಾನೆ: ಛತ್ರದಲ್ಲಿ ಸ್ಥಳ ಸಿಗದೆ ಕೊಟ್ಟಿಗೆಯಲ್ಲಿ ಹುಟ್ಟಿದವನ ಕಥೆ, ಜಗತ್ತಿನಲ್ಲಿ ಸ್ಥಳ ಕಳೆದುಕೊಂಡ ಕೈದಿಗೆ ಉಳಿದವರಿಗಿಂತ ಬೇಗ ಅರ್ಥವಾಗುತ್ತದೆ. ಆ ಕ್ರಿಸ್‌ಮಸ್ಸಿಗೆ ಅವನು ಸಹಕೈದಿಗಳಿಗಾಗಿ ಬೆಳಗಿನ, ಸಂಜೆಯ, ಸಂಕಟದ ಹೊತ್ತಿನ ಪ್ರಾರ್ಥನೆಗಳನ್ನು ಬರೆದನು. ತನ್ನೊಳಗೆ ಕತ್ತಲೆ ಇದೆಯೆಂದೂ ದೇವರ ದಾರಿಗಳು ತನಗೆ ತಿಳಿಯುವುದಿಲ್ಲವೆಂದೂ ಅವು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತವೆ; ಹಾಗೆ ಒಪ್ಪಿಕೊಳ್ಳುತ್ತಲೇ ರಾತ್ರಿಯ ನಿದ್ದೆಗಾಗಿ, ಹೊಸ ದಿನಕ್ಕಾಗಿ ವಂದನೆ ಸಲ್ಲಿಸುತ್ತವೆ.

ಕೃತಜ್ಞತೆಯ ವಿಷಯದಲ್ಲಿ ಎಲ್ಲಕ್ಕಿಂತ ಆಳವಾದ ಮಾತು ಬರುವುದು 1943ರ ಡಿಸೆಂಬರ್ 24ರಂದು ಬೆಟ್ಗೆ ಮತ್ತು ಅವನ ಪತ್ನಿ ರೆನಾಟೆಗೆ ಬರೆದ ಪತ್ರದಲ್ಲಿ. ರೆನಾಟೆ ಬಾನ್‌ಹಾಫರನ ಅಕ್ಕನ ಮಗಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಯುದ್ಧವು ಆ ದಂಪತಿಯನ್ನು ಅಗಲಿಸಲಿತ್ತು. ಪ್ರೀತಿಪಾತ್ರರು ಇಲ್ಲದಾದಾಗ ಉಳಿಯುವ ತೆರವನ್ನು ಏನೂ ತುಂಬಲಾರದು, ತುಂಬಲು ಹೋಗಲೂ ಬಾರದು ಎಂಬುದು ಅವನು ಅವರಿಗೆ ಹೇಳಿದ ಮಾತಿನ ತಿರುಳು. ದೇವರು ಆ ತೆರವನ್ನು ತುಂಬುತ್ತಾನೆಂದು ಸಾಂತ್ವನ ಹೇಳುವುದು ತಪ್ಪು. ಅವನು ಅದನ್ನು ತೆರವಾಗಿಯೇ ಕಾಯುತ್ತಾನೆ, ಹಾಗೆ ಕಾಯುವುದರಿಂದಲೇ ನೋವಿನ ಮೂಲಕವಾದರೂ ಪರಸ್ಪರ ಸಂಬಂಧ ಉಳಿಯುತ್ತದೆ. ನೆನಪುಗಳು ಎಷ್ಟು ಸಮೃದ್ಧವೋ ಅಗಲಿಕೆ ಅಷ್ಟು ಕಠಿಣ; ಆದರೆ ಆ ನೆನಪಿನ ಯಾತನೆಯನ್ನು ಕೃತಜ್ಞತೆಯು ಮೌನವಾದ ಸಂತೋಷವಾಗಿ ಮಾರ್ಪಡಿಸುತ್ತದೆ. ಇಲ್ಲಿ ಕೃತಜ್ಞತೆಯೆಂದರೆ ನಷ್ಟವನ್ನು ಮರೆಯುವ ಉಪಾಯವಲ್ಲ. ದೊರೆತದ್ದು ನಿಜವಾಗಿಯೂ ದೊರೆತಿತ್ತು, ಅದನ್ನು ಯಾವ ಸೆರೆಮನೆಯೂ ಹಿಂದಕ್ಕೆ ಹೋಗಿ ಅಳಿಸಲಾರದು ಎಂಬ ದೃಢವಾದ ತಿಳಿವಳಿಕೆ ಅದು. ಸಂತ ಆಗಸ್ಟೀನ್ ತನ್ನ 'ಕನ್ಫೆಷನ್ಸ್' ಗ್ರಂಥದ ಹನ್ನೊಂದನೆಯ ಭಾಗದಲ್ಲಿ, ಕಳೆದುದು ಸ್ಮೃತಿಯಾಗಿಯೂ ಬರಲಿರುವುದು ನಿರೀಕ್ಷೆಯಾಗಿಯೂ ವರ್ತಮಾನದ ಮನಸ್ಸಿನಲ್ಲೇ ಇರುತ್ತವೆ ಎಂದು ವಿವೇಚಿಸಿದ್ದಾನೆ. ಆ ವಿವೇಚನೆಯ ಬೆಳಕಿನಲ್ಲಿ ನೋಡಿದರೆ, ಸ್ಮೃತಿಯನ್ನು ಕಹಿಯಾಗಲು ಬಿಟ್ಟವನಿಗೆ ನಿರೀಕ್ಷೆಯೂ ಕಷ್ಟವಾಗುವುದೇಕೆಂದು ತಿಳಿಯುತ್ತದೆ: ಹಿಂದೆ ಪಡೆದದ್ದನ್ನು ದಾನವೆಂದು ಕಾಣಲಾರದ ಮನಸ್ಸಿಗೆ ಮುಂದೆ ಪಡೆಯಲು ಕೈಚಾಚುವುದೂ ಆಗದು. ಹೀಗಾಗಿ ಕೃತಜ್ಞತೆ ನಿರೀಕ್ಷೆ ಈಡೇರಿದ ಮೇಲೆ ಸಲ್ಲಿಸುವ ಋಣಸಂದಾಯವಲ್ಲ. ನಿರೀಕ್ಷೆ ಬೆಳೆಯಲು ಬೇಕಾದ ಬೇರು ಅದು.

ಇದಕ್ಕೆ ಎದುರಾಗಿ ಬರುವ ಆಕ್ಷೇಪ ಗಟ್ಟಿಯಾದದ್ದು. ಧರ್ಮವನ್ನು ಜನತೆಯ ಅಫೀಮೆಂದು ಕರೆದ ಕಾರ್ಲ್ ಮಾರ್ಕ್ಸ್‌ನಿಂದ ಹಿಡಿದು ಅನೇಕರು, ನೊಂದವನಿಗೆ ಕೃತಜ್ಞತೆಯನ್ನು ಬೋಧಿಸುವುದು ನೋಯಿಸಿದವನಿಗೆ ಮಾಡುವ ಸೇವೆಯೆಂದು ಹೇಳಿದ್ದಾರೆ. ಕ್ರೈಸ್ತ ಬೋಧಕರು ಇಂಥ ಸೇವೆಯನ್ನು ಮಾಡಿದ ಸಂದರ್ಭಗಳು ಚರಿತ್ರೆಯಲ್ಲಿ ಸಾಕಷ್ಟಿವೆ ಎಂಬುದನ್ನು ಒಪ್ಪದೆ ಮುಂದುವರಿಯುವುದು ಪ್ರಾಮಾಣಿಕವಲ್ಲ. ಆದರೆ ಕ್ರಿಸ್‌ಮಸ್ಸಿನ ಮೂಲ ಕಥನವೇ ಅಂಥ ಬೋಧನೆಗೆ ಅಡ್ಡ ನಿಲ್ಲುತ್ತದೆ. ಲೂಕನ ಸುವಾರ್ತೆಯಲ್ಲಿ ಗರ್ಭಿಣಿ ಮರಿಯಳು ಹಾಡುವ ಸ್ತುತಿಯು ದೇವರಿಗೆ ಸಲ್ಲಿಸುವ ವಂದನೆಯೂ ಹೌದು, ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿ ಹಸಿದವರನ್ನು ತೃಪ್ತಿಪಡಿಸುವವನ ಘೋಷಣೆಯೂ ಹೌದು. ಅಲ್ಲಿ ಕೃತಜ್ಞತೆ ಮತ್ತು ನ್ಯಾಯದ ಹಸಿವು ಒಂದೇ ಉಸಿರಿನಲ್ಲಿವೆ. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ, 1933ರ ಡಿಸೆಂಬರ್ 17ರಂದು, ಲಂಡನ್ನಿನ ಜರ್ಮನ್ ಸಭೆಯ ಮುಂದೆ ಬಾನ್‌ಹಾಫರ್ ಈ ಹಾಡಿನ ಮೇಲೆ ಪ್ರಸಂಗ ಮಾಡಿ, ಅದರ ಕ್ರಾಂತಿಕಾರಿ ಸ್ವಭಾವವನ್ನು ಎತ್ತಿಹೇಳಿದ್ದನು. ಮತ್ತಾಯನ ಸುವಾರ್ತೆಯಾದರೋ ಜೋಯಿಸರ ಕಾಣಿಕೆಗಳ ಬೆನ್ನಿಗೇ ಹೆರೋದನು ನಡೆಸಿದ ಶಿಶುಹತ್ಯೆಯನ್ನು ಹೇಳಿ, ಮಕ್ಕಳನ್ನು ಕಳೆದುಕೊಂಡು ಸಾಂತ್ವನವನ್ನೇ ಒಲ್ಲೆನೆನ್ನುವ ತಾಯಿಯ ಗೋಳನ್ನು ಕಥೆಯೊಳಗೇ ಇಡುತ್ತದೆ. ಆ ತಾಯಿಗೆ ಕೃತಜ್ಞಳಾಗಿರು ಎಂದು ಸುವಾರ್ತೆ ಹೇಳುವುದಿಲ್ಲ. ಥೆಸಲೋನಿಕದ ಸಭೆಗೆ ಬರೆದ ಪತ್ರದಲ್ಲಿ ಪೌಲನು ಎಲ್ಲ ಸ್ಥಿತಿಗಳಲ್ಲಿಯೂ ವಂದಿಸಲು ಕಲಿಸಿದನೇ ಹೊರತು, ಅನ್ಯಾಯವನ್ನೂ ಸೇರಿಸಿ ಎಲ್ಲ ಸ್ಥಿತಿಗಳಿಗಾಗಿ ವಂದಿಸಲು ಕಲಿಸಲಿಲ್ಲ.

1944ರ ಆಗಮನ ಕಾಲದಲ್ಲಿ ಟೇಗೆಲ್‌ನಲ್ಲಿ ಇನ್ನೊಬ್ಬ ಸಾಕ್ಷಿಯಿದ್ದನು: ಯೇಸುಸಭೆಯ ಪಾದ್ರಿ ಆಲ್ಫ್ರೆಡ್ ಡೆಲ್ಪ್. ನಾಜಿ ಆಳ್ವಿಕೆ ಮುಗಿದ ಮೇಲೆ ಜರ್ಮನ್ ಸಮಾಜ ಹೇಗಿರಬೇಕೆಂದು ಚರ್ಚಿಸಿದ ಕ್ರೈಸಾವ್ ಬಳಗದಲ್ಲಿ ಭಾಗವಹಿಸಿದ್ದಕ್ಕಾಗಿ ಸೆರೆಯಾಗಿದ್ದ ಅವನು, ಕೈಕೋಳ ತೊಟ್ಟ ಕೈಗಳಿಂದಲೇ ಆಗಮನ ಕಾಲದ ಧ್ಯಾನಗಳನ್ನು ಬರೆದನು. ಆ ಚೀಟಿಗಳು ಒಗೆಯಲು ಕೊಟ್ಟ ಬಟ್ಟೆಗಳ ನಡುವೆ ಇಬ್ಬರು ಮಹಿಳೆಯರ ಕೈಸೇರಿ ಹೊರಬಂದವು. ಆಗಮನ ಕಾಲವೆಂದರೆ ಮನುಷ್ಯನು ಬುಡಸಮೇತ ಅಲುಗಾಡಿ ಎಚ್ಚರಗೊಳ್ಳಬೇಕಾದ ಕಾಲ ಎಂಬುದು ಆ ಧ್ಯಾನಗಳ ಮುಖ್ಯ ಆಶಯ. ಡಿಸೆಂಬರ್ 8ರಂದು ಅವನು ಸೆರೆಮನೆಯಲ್ಲೇ ಯೇಸುಸಭೆಯ ಅಂತಿಮ ವ್ರತಗಳನ್ನು ಸ್ವೀಕರಿಸಿದನು. 1945ರ ಫೆಬ್ರವರಿ 2ರಂದು ಪ್ಲೋಟ್‌ಜೆನ್‌ಸೀ ಸೆರೆಮನೆಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆ ಹೊತ್ತಿಗೆ ಬಾನ್‌ಹಾಫರ್ ಗೆಸ್ಟಾಪೊ ಎಂಬ ರಹಸ್ಯ ಪೊಲೀಸರ ನೆಲಮಾಳಿಗೆಯ ಸೆರೆಯಲ್ಲಿದ್ದನು. ಅಲ್ಲಿಂದ 1944ರ ಡಿಸೆಂಬರ್ 19ರಂದು ತಾನು ಮದುವೆಯಾಗಬೇಕಿದ್ದ ಮಾರಿಯಾ ಫಾನ್ ವೆಡೆಮೆಯರ್‌ಗೆ ಬರೆದ ಪತ್ರದೊಂದಿಗೆ ಒಂದು ಕವಿತೆಯನ್ನು ಕಳುಹಿಸಿದನು. ಕಹಿಯ ಬಟ್ಟಲನ್ನು ದೇವರು ಕೊಟ್ಟರೆ ಅಂಜದೆ ಸ್ವೀಕರಿಸುವ ಸಿದ್ಧತೆಯೂ, ಈ ಲೋಕದ ಸಂತೋಷವನ್ನು ಮತ್ತೊಮ್ಮೆ ಕೊಟ್ಟರೆ ಕಳೆದದ್ದನ್ನು ಮರೆಯದೆ ಬಾಳುವ ಆಸೆಯೂ ಅದರಲ್ಲಿ ಒಟ್ಟಿಗಿವೆ. ಇವತ್ತು ಜರ್ಮನಿಯ ಚರ್ಚುಗಳಲ್ಲಿ ಅದನ್ನು ಹಾಡಾಗಿ ಹಾಡುತ್ತಾರೆ. ಅದರ ಹಿಂದಿರುವುದು ಪಾಲ್ ಗೆರ್ಹಾರ್ಟ್‌ನಂಥ ಹದಿನೇಳನೆಯ ಶತಮಾನದ ಲೂಥರನ್ ಕೀರ್ತನಕಾರರ ಪರಂಪರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಆ ಪರಂಪರೆಯ ರಾಗಗಳು ಕನ್ನಡ ಸಭೆಗಳ ಕಿವಿಗೂ ಪರಿಚಿತವಾದವು.

1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಬಾನ್‌ಹಾಫರನನ್ನು ನೇಣಿಗೇರಿಸಿದರು. ಜರ್ಮನಿ ಶರಣಾಗಲು ಒಂದು ತಿಂಗಳೂ ಉಳಿದಿರಲಿಲ್ಲ. ಅವನ ನಿರೀಕ್ಷೆ ಹಾಗಾದರೆ ಸುಳ್ಳಾಯಿತೇ? ಬಿಡುಗಡೆಯೊಂದೇ ಅದರ ವಿಷಯವಾಗಿದ್ದರೆ ಹೌದೆನ್ನಬೇಕು. ಆದರೆ ಸುವಾರ್ತೆಯ ಕಥೆಯಲ್ಲಿ, ದೇವಾಲಯದಲ್ಲಿ ಕೂಸು ಯೇಸುವನ್ನು ಎತ್ತಿಕೊಂಡ ಮುದುಕ ಸಿಮೆಯೋನನು ಕಂಡದ್ದೂ ಒಂದು ಕೂಸನ್ನು ಮಾತ್ರ. ರೋಮಿನ ಆಳ್ವಿಕೆ ಕೊನೆಗೊಂಡುದನ್ನು ಅವನು ಕಾಣಲಿಲ್ಲ, ಮರಿಯಳ ಹೃದಯವನ್ನು ಕತ್ತಿ ತಿವಿಯಲಿದೆ ಎಂಬುದನ್ನೂ ಬಲ್ಲವನಾಗಿದ್ದನು, ಆದರೂ ಸಮಾಧಾನದಿಂದ ಹೊರಡಲು ಅಷ್ಟೇ ಸಾಕೆಂದನು. ಕ್ರೈಸ್ತ ವಿಶ್ವಾಸವು ನಿರೀಕ್ಷೆಯನ್ನು ಫಲಿತಾಂಶದಿಂದ ಅಳೆಯದೆ, ಅದು ಯಾರ ಮೇಲೆ ಆತುಕೊಂಡಿದೆ ಎಂಬುದರಿಂದ ಅಳೆಯುವುದು ಈ ಕಾರಣಕ್ಕೆ. ಈ ಅಳತೆಯನ್ನು ಒಪ್ಪದವರೂ ಇರಬಹುದು, ಆದರೆ ಟೇಗೆಲ್‌ನ ಇಬ್ಬರು ಕೈದಿಗಳು ಅದರಿಂದಲೇ ಬದುಕಿದರು ಎಂಬುದನ್ನು ನಿರಾಕರಿಸಲಾಗದು.

ಆದ್ದರಿಂದ ಕ್ರಿಸ್‌ಮಸ್ ಆಚರಿಸುವ ಸಭೆಗಳು ಮತ್ತಾಯನ ಎರಡನೆಯ ಅಧ್ಯಾಯವನ್ನು ಅರ್ಧಕ್ಕೇ ನಿಲ್ಲಿಸದೆ ಪೂರ್ತಿ ಓದಬೇಕು. ಡಿಸೆಂಬರ್ 28ರ ನಿರ್ದೋಷಿ ಶಿಶುಗಳ ಸ್ಮರಣೆಯನ್ನು ಹಬ್ಬದ ಗದ್ದಲದಲ್ಲಿ ಕೈಬಿಡಬಾರದು. ಆ ವರ್ಷ ಮನೆಯವರನ್ನು ಕಳೆದುಕೊಂಡು ಪ್ರಾರ್ಥನೆಗೆ ಬಂದವರನ್ನು ನಗಿಸಲು ಅವಸರಪಡದೆ, ಅವರ ತೆರವನ್ನು ತೆರವಾಗಿಯೇ ಗೌರವಿಸಿ, ಅಗಲಿದವರ ಹೆಸರನ್ನು ವಂದನೆಯೊಂದಿಗೆ ಹೇಳಲು ಅವರಿಗೆ ಅವಕಾಶ ಮಾಡಿಕೊಡಬೇಕು.